ಕೊಪ್ಪದ ಏಕೈಕ ಹ್ಮೋಂಗ್ ಕುಟುಂಬ

ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ತ್ರ್ಯಂಬಕನಿಗೆ ಸರಿಯಾಗಿ ಬರುವ ಭಾಷೆ ಒಂದೇ, ಕನ್ನಡ. ಇಂಗ್ಲಿಷಿನಲ್ಲಿ ಲೆನ್ಸಿನ ನಂಬರು ಹೇಳುತ್ತಾನೆ. ಹಿಂದಿಯವರು ಅಂಗಡಿಗೆ ಬಂದರೆ ತಲೆಯಾಡಿಸಿ ನಗುತ್ತಾನೆ, ಅವರೂ ನಗುತ್ತಾರೆ, ವ್ಯಾಪಾರ ಮುಗಿಯುತ್ತದೆ. ಇಷ್ಟರಲ್ಲೇ ಅವನು ಐವತ್ತು ದಾಟುವ ತನಕ ಸುಖವಾಗಿದ್ದ. ಆ ಸುಖಕ್ಕೆ ಕಲ್ಲು ಹಾಕಿದ್ದು ಅವನ ಹೆಂಡತಿ ಅರ್ಪಣಾಳ ಅಣ್ಣ ಈಶಾನ.

ಈಶಾನ ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜು ನಡೆಸುತ್ತಾನೆ. ಬಂದವರ ಜತೆ ಮಾತಾಡಿ ಆಡಿ ಅವನಿಗೆ ತೆಲುಗು, ತಮಿಳು, ಮಲೆಯಾಳ, ಮರಾಠಿ, ಹಿಂದಿ, ತುಳು ಎಲ್ಲ ಬಂದಿವೆ. ಕನ್ನಡ ಸೇರಿ ಏಳು ಎಂದು ಅವನೇ ಹೇಳುತ್ತಾನೆ. ಅವನ ಪಾಂಡಿತ್ಯವೆಲ್ಲ "ಬಿಸಿನೀರು ಖಾಲಿಯಾಗಿದೆ" ಎಂಬ ಒಂದೇ ವಾಕ್ಯದ ಸುತ್ತ ಬೆಳೆದದ್ದು ಎಂದು ತ್ರ್ಯಂಬಕನ ಅಭಿಪ್ರಾಯ. ಆದರೂ ಏಳು ಏಳೇ, ಒಂದು ಒಂದೇ.

ಈಶಾನನ ಮೊಮ್ಮಗುವಿನ ನಾಮಕರಣದ ಊಟದಲ್ಲಿ, ಎಲೆಯ ಮುಂದೆ ಕೂತ ನೆಂಟರೆಲ್ಲರ ಎದುರು, ಅವನು ಹೇಳಿದ: "ನಮ್ಮ ಭಾವಂಗೆ ಭಾಷೆದೆಲ್ಲ ತಲೆಬಿಸಿ ಇಲ್ಲ ಮಾರಾಯ್ರೆ. ಕನ್ನಡಕದಲ್ಲಿ ಎಷ್ಟು ಕನ್ನಡ ಇದೆಯೋ ಅಷ್ಟೇ ಅವ್ನಿಗೆ ಬರದು."

ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಜನ ನಕ್ಕರು. ಬಡಿಸುತ್ತಿದ್ದವರು ಸಾರಿನ ಪಾತ್ರೆ ಕೆಳಗಿಟ್ಟು ನಕ್ಕರು. ತ್ರ್ಯಂಬಕ ಪಾಯಸ ಎರಡನೇ ಸಲ ಹಾಕಿಸಿಕೊಳ್ಳದೆ ಎದ್ದ.

ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಫೋನು ಹಿಡಿದು ಹುಡುಕಿದ. ಅವನಿಗೆ ಬೇಕಾಗಿದ್ದದ್ದು ಒಂದು ಭಾಷೆ ಕಲಿಯುವುದಲ್ಲ. ಈಶಾನನ ಲಾಡ್ಜಿಗೆ ಯಾವ ಕಾಲಕ್ಕೂ ಯಾರೂ ಬಂದು ಮಾತಾಡದಂಥ ಭಾಷೆಯ ಹೆಸರು ತಿಳಿದುಕೊಳ್ಳುವುದು. ಫೋನು ಅವನನ್ನು ಎಲ್ಲೆಲ್ಲೋ ಅಲೆಸಿ ಕಡೆಗೆ ಒಂದು ಕನ್ನಡ ಪುಟಕ್ಕೆ ತಂದು ಬಿಟ್ಟಿತು. ಕುತೂಹಲಿಗಳಿಗಾಗಿ ಸರ್ಬಿಯನ್ ಮತ್ತು ಹ್ಮೋಂಗ್ ಭಾಷೆಗಳ ಹೋಲಿಕೆ. ಸರ್ಬಿಯನ್ ಯುರೋಪಿನದು, ಹ್ಮೋಂಗ್ ಚೀನಾ, ಲಾವೋಸ್ ಕಡೆಯ ಗುಡ್ಡಗಾಡಿನದು. ಎರಡನ್ನೂ ಒಟ್ಟಿಗೆ ಕಲಿಯಬೇಕೆಂದು ಯಾರಿಗೆ ಯಾಕೆ ಅನಿಸೀತು ಎಂಬುದು ಆ ಪುಟದಲ್ಲಿ ಇರಲಿಲ್ಲ. ತ್ರ್ಯಂಬಕನಿಗೆ ಅದು ಬೇಕಾಗಿಯೂ ಇರಲಿಲ್ಲ. ಒಂದಲ್ಲ, ಎರಡು ಸಿಕ್ಕಿದ್ದವು.

ಆ ವಾರವೇ ಈಶಾನ ಓದುವ ಕನ್ನಡಕ ಬದಲಿಸಲು ಅಂಗಡಿಗೆ ಬಂದ. ಅವನು ಕನ್ನಡಿಯ ಮುಂದೆ ಫ್ರೇಮು ಹಾಕಿ ತೆಗೆದು ಮಾಡುತ್ತಿರುವಾಗ ಸರ್ವಮಂಗಳಾ ಮೇಡಮ್ಮು ಒಳಗೆ ಬಂದರು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು ಇಲಾಖೆ (ಯಾವುದೆಂದು ಹೇಳಿ ಅವರಿಗೆ ಬೇಸರ ಮಾಡುವುದು ಬೇಡ) ಮನೆಮನೆಯ ಭಾಷೆಯ ಸಮೀಕ್ಷೆಗೆ ಅವರನ್ನು ಹಾಕಿತ್ತು. ಬೆಳಗಿನಿಂದ ಬಿಸಿಲಲ್ಲಿ ತಿರುಗಿ ಅವರ ಮುಖ ಬಾಡಿತ್ತು, ಫೋನಿನ ಬ್ಯಾಟರಿ ಕೆಂಪಾಗಿತ್ತು.

"ನಿಮ್ ಮನೇದೊಂದು ಬಾಕಿ ಇದೆ ಸಾರ್. ಬೇಗ ಹೇಳಿ. ಬರುವ ಭಾಷೆ ಯಾವ್ದು?"

ಕನ್ನಡಿಯಲ್ಲಿ ಈಶಾನನ ಕಣ್ಣು ಇವನ ಕಡೆ ತಿರುಗಿದ್ದನ್ನು ತ್ರ್ಯಂಬಕ ನೋಡಿದ. ಮನುಷ್ಯನ ಬಾಳು ಹಾಳಾಗುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಹೆಂಡತಿಯ ಅಣ್ಣ ಕನ್ನಡಿಯಲ್ಲಿ ನೋಡಿದರೆ ಸಾಕು.

"ಹ್ಮೋಂಗ್," ಎಂದ ತ್ರ್ಯಂಬಕ. "ಮತ್ತೆ ಸರ್ಬಿಯನ್. ಎರಡರದ್ದೂ ತೌಲನಿಕ ಅಧ್ಯಯನ ನಡೀತಾ ಇದೆ."

ಈಶಾನನ ಕೈಯಲ್ಲಿದ್ದ ಫ್ರೇಮು ಕೌಂಟರಿನ ಗಾಜಿನ ಮೇಲೆ ಬಿತ್ತು. ಸರ್ವಮಂಗಳಾ ಮೇಡಮ್ಮು ಯಾವ ಭಾವವನ್ನೂ ತೋರಿಸದೆ ಫೋನಿನಲ್ಲಿ ಬೆರಳು ಜಾರಿಸಿದರು. ಭಾಷೆಗಳ ಪಟ್ಟಿ ಉದ್ದಕ್ಕೆ ಇಳಿಯುತ್ತಾ ಹೋಯಿತು.

"ಹ್ಮೋಂಗ್ ಇದೆ ಸಾರ್. ಸರ್ಬಿಯನ್ನೂ ಇದೆ. ಇದು ಎರಡೇ ತಗಳದು. ಮೊದಲ್ನೇದು ತಾಯ್ನುಡಿ ಕಾಲಮ್ಮಿಗೆ ಹೋಗ್ತದೆ. ಹಂಗೇ ಹಾಕ್ಲಾ?"

ತ್ರ್ಯಂಬಕ ಆ ಹೊತ್ತಿಗೆ ಗಾಜಿನ ಮೇಲೆ ಬಿದ್ದ ಫ್ರೇಮಿನ ಸಣ್ಣ ಸ್ಕ್ರೂ ಹುಡುಕಲು ಬಗ್ಗಿದ್ದ. ಗೆದ್ದ ಸಂತೋಷ ಬೇರೆ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. "ಹಾಕಿ, ಹಾಕಿ," ಎಂದ.

ಅವರು ಒತ್ತಿದರು. ಬ್ಯಾಟರಿ ಮುಗಿಯಿತು. ಅಷ್ಟರೊಳಗೆ ಮಾಹಿತಿ ಮಾತ್ರ ಹೋಗಿ ಮುಟ್ಟಿತ್ತು.

ಸಮೀಕ್ಷೆಯ ಮೆಸೇಜು ಬಂದದ್ದು ಮನೆಯ ಹಿರಿಯರ ನಂಬರಿಗೆ. ಹಿರಿಯರೆಂದರೆ ತ್ರ್ಯಂಬಕನ ತಾಯಿ ದೇವಕಮ್ಮ, ಮೆಣಸೆಯಲ್ಲಿ ಹುಟ್ಟಿ, ಮದುವೆಯಾಗಿ ಕೊಪ್ಪಕ್ಕೆ ಬಂದು, ಈಗ ಅಂಗಡಿಯ ಹಿಂದಿನ ಮನೆಯಲ್ಲಿ ಇಡೀ ಬೀದಿಗೆ ಕೇಳುವಂತೆ ಮಾತಾಡಿಕೊಂಡಿದ್ದವರು. ಮೆಸೇಜು ಬಂದರೆ ಸೊಸೆಯ ಕೈಲಿ ಓದಿಸುವುದು ಅವರ ಕ್ರಮ. ಅರ್ಪಣಾ ಓದಿದಳು.

"ತಾಯ್ನುಡಿ: ಹ್ಮೋಂಗ್. ತಿಳಿದಿರುವ ಇತರ ಭಾಷೆ: ಸರ್ಬಿಯನ್. ಕನ್ನಡ: ತಿಳಿದಿಲ್ಲ."

"ಯಾರದ್ದು ಅದು?"

"ನಮ್ಮನೇದೇ ಅತ್ತೆ. ಇವ್ರು ಬರೆಸಿದ್ದು."

ಮಧ್ಯಾಹ್ನ ಊಟಕ್ಕೆ ಬಂದ ತ್ರ್ಯಂಬಕನನ್ನು ದೇವಕಮ್ಮ ಬಾಗಿಲಲ್ಲೇ ನಿಲ್ಲಿಸಿದರು.

"ಹೌದನಾ ಮಾಣಿ, ತಾಯ್ನುಡಿ ಅಂದ್ರೆ ತಾಯಿ ಆಡದು ಅಲ್ದನಾ?"

"ಹೌದಮ್ಮ, ಅದು ಎಂತಾಯ್ತು ಅಂದ್ರೆ..."

"ನಿನ್ ತಾಯಿ ನಾನು ಹೌದನಾ?"

"ಇದೆಂತ ಪ್ರಶ್ನೆ ಅಮ್ಮ."

"ಹಂಗಾರೆ ನಾನು ಇಷ್ಟು ವರ್ಷ ಆಡಿದ್ದು ಎಂತದು? ನಿನಗೆ ಕನ್ನಡ ಗೊತ್ತಿಲ್ಲ ಅಂದ್ಮೇಲೆ ನಿನ್ನತ್ರ ನಾನು ಎಂತಕ್ಕೆ ಮಾತಾಡ್ಲಿ? ಈ ಮನೇಲಿ ನನ್ನ ಭಾಷೆ ಇಲ್ಲ ಅಂತ ಸರ್ಕಾರದಲ್ಲೇ ಬರ್ದಾತಲ್ಲ."

ಹೀಗೆಂದು ಅವರು ಬಚ್ಚಲಿಗೆ ಹೋಗಿ, ಹಲ್ಲಿನ ಸೆಟ್ಟು ಬಿಚ್ಚಿ, ತೊಳೆದು, ನೀರಿನ ಲೋಟದಲ್ಲಿಟ್ಟು, ಲೋಟವನ್ನು ಕಪಾಟಿನಲ್ಲಿಟ್ಟರು. ಮಾತಾಡುವುದೇ ಇಲ್ಲವೆಂದ ಮೇಲೆ ಹಲ್ಲಿನ ಹಂಗೇಕೆ? ಗಂಜಿ ಕುಡಿಯುತ್ತೇನೆಂದು ಸನ್ನೆ ಮಾಡಿ ತೋರಿಸಿದರು. ಅಂದಿನಿಂದ ಆ ಮನೆಯಲ್ಲಿ ಅವರ ಮಾತು ನಿಂತಿತು. ಬೇಕಾದ್ದಕ್ಕೆ ಲೋಟ ಕುಕ್ಕುವುದು, ಬೇಡದ್ದಕ್ಕೆ ಬಾಗಿಲು ಹಾಕಿಕೊಳ್ಳುವುದು. ಬೀದಿಯವರು ಮೊದಲೆರಡು ದಿನ ದೇವಕಮ್ಮನಿಗೆ ಹುಷಾರಿಲ್ಲವೆಂದು ಎಳನೀರು ತಂದುಕೊಟ್ಟರು.

ಮೂರನೆಯ ದಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬಂತು: "ಕೊಪ್ಪದಲ್ಲಿ ಒಂದು ಹ್ಮೋಂಗ್ ಕುಟುಂಬ." ಬಂದ ಗಿರಾಕಿಗಳೆಲ್ಲ ತ್ರ್ಯಂಬಕನ ಮುಖವನ್ನೇ ಸೂಕ್ಷ್ಮವಾಗಿ ನೋಡತೊಡಗಿದರು. ಇಪ್ಪತ್ತು ವರ್ಷದಿಂದ ಅವನ ಬಳಿಯೇ ಕನ್ನಡಕ ಮಾಡಿಸಿಕೊಂಡವರೊಬ್ಬರು, "ನಾನು ಆಗ್ಲೇ ಅಂದ್ಕಂಡಿದ್ದೆ, ನಿಮ್ ಕಣ್ಣಲ್ಲಿ ಎಂತೋ ಒಂದು ಇದೆ ಅಂತ," ಎಂದು ಹೇಳಿಹೋದರು.

ಇದನ್ನೆಲ್ಲ ತ್ರ್ಯಂಬಕ ಸಹಿಸಿಕೊಂಡಾನು. ಆದರೆ ಅವನು ಊರಿನ ಕನ್ನಡ ಸಂಘದ ಉಪಾಧ್ಯಕ್ಷ. ಆ ಸಂಘದಲ್ಲಿ ಅಧ್ಯಕ್ಷಗಿರಿ ಸರದಿಯ ಮೇಲೆ ಬರುತ್ತದೆ, ಈ ಸಲದ ಸರದಿ ಅವನದು. ಕುರ್ಚಿ ಹಾಕಿ, ಕುರ್ಚಿ ತೆಗೆದು, ಮೈಕಿನವನ ಹಿಂದೆ ಓಡಿ, ಭಾಷಣಕಾರರಿಗೆ ನೀರು ಕೊಟ್ಟು ಅವನು ಆ ಸರದಿಯವರೆಗೆ ಬಂದಿದ್ದ. ರಾಜ್ಯೋತ್ಸವದ ದಿನ ಹಾಕಿಕೊಳ್ಳಲೆಂದು ಜುಬ್ಬವನ್ನೂ ಹೊಲಿಸಿಟ್ಟಿದ್ದ.

ಅವನ ನಂತರದ ಸರದಿ ಸೋಮನಾಥ್ ಮೇಷ್ಟರದ್ದು. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಅವರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿದುಕೊಂಡೇ ಅಂಗಡಿಗೆ ಬಂದರು.

"ನನಗೇನೂ ಇಲ್ಲ ತ್ರ್ಯಂಬಕ. ನಿನ್ನ ಕನ್ನಡ ನನಗೆ ಗೊತ್ತಿಲ್ವ. ಆದ್ರೆ ಬೈಲಾದಲ್ಲಿ ಇದೆ, ಅಧ್ಯಕ್ಷರು ಕನ್ನಡ ಬಲ್ಲವರಾಗಿರತಕ್ಕದ್ದು ಅಂತ. ನಾಳೆ ಯಾರಾದ್ರೂ ಆಕ್ಷೇಪ ಎತ್ತಿದ್ರೆ ಸಂಘದ ಮರ್ಯಾದೆ. ರಾಜ್ಯೋತ್ಸವದೊಳಗೆ ಅದೊಂದು ಸರಿಮಾಡ್ಕಂಡು ಬಾ."

"ಯಾರು ಆಕ್ಷೇಪ ಎತ್ತೋರು ಮೇಷ್ಟ್ರೆ?"

"ನಾನೇ ಎತ್ತಬೇಕಾಗ್ತದೇನೋ," ಎಂದು ಮೇಷ್ಟರು ಬಹಳ ದುಃಖದಿಂದ ಹೇಳಿದರು.

ತ್ರ್ಯಂಬಕ ಅಂಗಡಿಯ ಬಾಗಿಲು ಎಳೆದು ಇಲಾಖೆಯ ಕಚೇರಿಗೆ ಹೋದ. ಅಲ್ಲಿನ ಅಧಿಕಾರಿ ಸತೀಶ ಎನ್ನುವವರು ಬಾಗಲಕೋಟೆ ಕಡೆಯವರು, ಕೊಪ್ಪಕ್ಕೆ ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಒಳ್ಳೆಯ ಮನುಷ್ಯ. ತ್ರ್ಯಂಬಕನ ಕಷ್ಟವನ್ನು ಗಲ್ಲಕ್ಕೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು. ಕೇಳಿ ಮುಗಿಸಿ ಹೇಳಿದರು:

"ನಿಮ್ಮ ಕನ್ನಡ ಭಾಳ ಛಲೋ ಐತ್ರಿ."

"ಸಾರ್, ಅದು ನನ್ನ ಭಾಷೆ."

"ಹಂಗ ಅನ್ಕೊಳ್ಳೂದು ನಿಮ್ಮ ದೊಡ್ಡಗುಣ. ಈಗ ತಿದ್ದುಪಡಿ ಅಂದ್ರಲ್ಲ, ಅದಕ್ಕ ಅವಕಾಶ ಐತಿ. ನೀವು ಘೋಷಿಸಿದ ಭಾಷೆಯೊಳಗ ಯಾವುದನ್ನ ಬೇಕಾದ್ರೂ ತಾಯ್ನುಡಿ ಮಾಡ್ಕೋಬಹುದು. ಅಂದ್ರ ಹ್ಮೋಂಗ್ ಬ್ಯಾಡ ಅಂದ್ರ ಸರ್ಬಿಯನ್."

"ನಂಗೆ ಎರಡೂ ಬರಲ್ಲ ಸಾರ್. ಕನ್ನಡ ಬೇಕು."

"ಕನ್ನಡ ಹೊಸದಾಗಿ ಸೇರಿಸಬೇಕಂದ್ರ ಮೊದಲ ಹ್ಮೋಂಗ್ ತೆಗೀಬೇಕು. ತೆಗೀಬೇಕಂದ್ರ ನಿಮಗ ಹ್ಮೋಂಗ್ ಬರೂದಿಲ್ಲ ಅಂತ ಪ್ರಮಾಣಪತ್ರ ಬೇಕು."

"ಯಾರು ಕೊಡ್ತಾರೆ ಅದನ್ನ?"

"ಹ್ಮೋಂಗ್ ಬಲ್ಲವರು ಕೊಡಬೇಕ್ರಿ. ಬರದವರು ಹೆಂಗ ಹೇಳ್ತಾರ, ನಿಮಗ ಬರ್ತದೋ ಇಲ್ಲೋ ಅಂತ?" ಸತೀಶರು ಕಂಪ್ಯೂಟರಿನ ಕಡೆ ತಿರುಗಿದರು. "ತಾಲ್ಲೂಕಿನಾಗ ಯಾರರೆ ಅದಾರೇನು ನೋಡೂಣು. ಹಾಂ, ಒಬ್ರು ಅದಾರ್ರಿ. ಕೊಪ್ಪದಾಗ. ತ್ರ್ಯಂಬಕ ಅಂತ."

ತ್ರ್ಯಂಬಕ ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದ.

"ನೀವೇ ಆಗಬೇಕಲ್ರಿ," ಎಂದು ಸತೀಶರು ಪರದೆಯನ್ನೂ ಅವನನ್ನೂ ನೋಡಿದರು. "ಹಂಗಾರ ನಡಿಯೂದಿಲ್ಲ. ತಮಗ ತಾವೇ ಕೊಟ್ಟುಕೊಳ್ಳಾಕ ಬರೂದಿಲ್ಲ. ಬ್ಯಾರೆ ಯಾರಿಗರೆ ಹ್ಮೋಂಗ್ ಬರೂದಿಲ್ಲ ಅಂತ ಬೇಕಾದ್ರ ನೀವು ಕೊಡಬಹುದು."

"ಸಾರ್, ನಾನೀಗ ನಿಮ್ಮ ಹತ್ರ ಯಾವ ಭಾಷೇಲಿ ಮಾತಾಡ್ತಿದ್ದೀನಿ?"

"ಕನ್ನಡ."

"ಮತ್ತೆ?"

"ಮಾತಾಡೂದು ದಾಖಲೆ ಅಲ್ರಿ," ಎಂದರು ಸತೀಶರು, ಮಕ್ಕಳಿಗೆ ಹೇಳುವಷ್ಟು ಮೆತ್ತಗೆ. ಕೊನೆಗೆ ಅವನ ಮುಖ ನೋಡಿ ಕರಗಿ, "ಒಂದು ದಾರಿ ಐತಿ. ಮನಿಗೆ ಬಂದು ಪರಿಶೀಲನೆ ಮಾಡ್ತೀನಿ. ಮನಿಯೊಳಗಿನ ಹಿರಿಯರು ಏನು ಮಾತಾಡ್ತಾರ, ಅದನ್ನ ರೆಕಾರ್ಡ್ ಮಾಡ್ಕೊಂಡು ಮ್ಯಾಲಿನವರಿಗೆ ಕಳಸ್ತೀನಿ. ತಾಯಿ ಅದಾರಲ್ಲ? ಅವರು ಎರಡು ಮಾತು ಕನ್ನಡದಾಗ ಆಡಿದ್ರ ಮುಗೀತು," ಎಂದರು.

ಇಡೀ ಕೊಪ್ಪದಲ್ಲಿ ಎರಡು ಮಾತು ಆಡಿಸಲಿಕ್ಕೆ ಇಷ್ಟು ದಿನ ಯಾರಿಗೂ ಕಷ್ಟವಾಗದಿದ್ದ ಒಬ್ಬರೇ ಒಬ್ಬರೆಂದರೆ ದೇವಕಮ್ಮ. ಅವರ ಹಲ್ಲು ಕಪಾಟಿನಲ್ಲಿತ್ತು.

ಭಾನುವಾರ ತ್ರ್ಯಂಬಕನ ಮನೆಯಲ್ಲಿ ಸಭೆ ಸೇರಿತು. ಅವನು ಕರೆದಿರಲಿಲ್ಲ. ಶೃಂಗೇರಿಯಿಂದ ಈಶಾನ ತಾನಾಗಿ ಬಂದ, ಸೋಮನಾಥ್ ಮೇಷ್ಟರು ಹಿತಚಿಂತಕರಾಗಿ ಬಂದರು. ದೇವಕಮ್ಮ ಮೂಲೆಯ ಕುರ್ಚಿಯಲ್ಲಿ ತುಟಿ ಒಳಗೆಳೆದುಕೊಂಡು ಕೂತಿದ್ದರು.

"ಪರಿಶೀಲನೆ ಎಲ್ಲ ಕೈಕೊಟ್ರೆ ಎಂತ ಮಾಡ್ತೀಯ ಭಾವ?" ಎಂದ ಈಶಾನ. "ಎರಡರಲ್ಲಿ ಒಂದು ಆಗ್ಲೇಬೇಕು ಅಂದ್ರೆ ಯಾವ್ದು ಒಳ್ಳೇದು ಅಂತ ಮೊದ್ಲೇ ನೋಡ್ಕಳದು ಒಳ್ಳೇದು. ನೀನೇ ಅಧ್ಯಯನ ಮಾಡಿದವ. ಹೇಳು, ವ್ಯತ್ಯಾಸ ಎಂತ?"

ತ್ರ್ಯಂಬಕ ಹಲ್ಲು ಕಚ್ಚಿ ಫೋನು ತೆಗೆದು ಆ ಪುಟ ಓದಿದ. ಸರ್ಬಿಯನ್‌ನಲ್ಲಿ ನಾಮಪದಕ್ಕೆ ಏಳು ವಿಭಕ್ತಿ. ಉಚ್ಚರಿಸಿದಂತೆ ಬರೆಯುತ್ತಾರೆ, ಬರೆದಂತೆ ಓದುತ್ತಾರೆ. ಲಿಪಿ ಮಾತ್ರ ಎರಡು.

ಸೋಮನಾಥ್ ಮೇಷ್ಟರು ನೆಟ್ಟಗೆ ಕೂತರು. "ಏಳು ವಿಭಕ್ತಿಯಾ? ಸಂಬೋಧನೆ ಇದೆಯಾ?"

"ಅದೂ ಸೇರಿಯೇ ಏಳು."

"ಶಬ್ದ ಒಂದೆರಡು ಓದು."

"ಎರಡಕ್ಕೆ ದ್ವಾ. ಮೂರಕ್ಕೆ ತ್ರಿ. ಮೈದುನನಿಗೆ ದೇವೆರ್. ಸೊಸೆಗೆ ಸ್ನಹಾ."

"ಸಂಸ್ಕೃತದಲ್ಲಿ ದೇವರ, ಸ್ನುಷಾ," ಎಂದು ಮೇಷ್ಟರು ಕಣ್ಣುಮುಚ್ಚಿಕೊಂಡರು. "ನಮ್ಮವರೇ ಮಾರಾಯ. ಎಲ್ಲೋ ದಾರಿ ತಪ್ಪಿ ಆಚೆ ಹೋಗಿದಾರೆ. ಬೆರಳಿಗೆ ಎಂತ ಹೇಳ್ತಾರೆ?"

ತ್ರ್ಯಂಬಕ ಪರದೆ ನೋಡಿದ. ಪ, ರ, ಸ, ತ ನಾಲ್ಕು ವ್ಯಂಜನ, ನಡುವೆ ಸ್ವರವೇ ಇಲ್ಲ. ಹೇಳಲು ಹೋಗಿ ಅವನ ಬಾಯಿಂದ ಚೂರು ಎಂಜಲು ಹಾರಿ ಈಶಾನನ ಕೈಮೇಲೆ ಬಿತ್ತು.

"ಹಂಗಲ್ಲ, ಅದು ಋಕಾರ," ಎಂದು ಮೇಷ್ಟರು ಎದ್ದು ನಿಂತರು. "ಪೃಸ್ತ್. ನಾವೆಲ್ಲ ಋಷಿಗೆ ರುಷಿ ಅಂತೇವೆ. ಶುದ್ಧ ಋಕಾರ ಅವರ ಹತ್ರ ಉಳ್ಕಂಡಿದೆ ನೋಡು. ಸರ್ಬಿಯನ್ನೇ ತಗೋ ತ್ರ್ಯಂಬಕ. ಕಣ್ಮುಚ್ಚಿ ತಗೋ. ನಾನು ಬೇಕಾದ್ರೆ ಸಂಘದಲ್ಲಿ ಹೇಳ್ತೇನೆ, ಕನ್ನಡ ಅಲ್ಲದಿದ್ರೂ ಸಭ್ಯ ಭಾಷೆ ಅಂತ."

"ಅಧ್ಯಕ್ಷ ಆಗಬಹುದಾ ಹಂಗಾರೆ?"

"ಅದು ಆಗಲ್ಲ," ಎಂದರು ಮೇಷ್ಟರು, ಕೂತುಕೊಳ್ಳುತ್ತಾ.

ಅಷ್ಟು ಹೊತ್ತು ಕಾಫಿ ಲೋಟ ಜೋಡಿಸುತ್ತಿದ್ದ ಅರ್ಪಣಾ ಫೋನು ಕಿತ್ತುಕೊಂಡು ಹ್ಮೋಂಗ್ ಭಾಗವನ್ನು ಓದಿದಳು. ಅಲ್ಲಿ ವಿಭಕ್ತಿ ಇಲ್ಲ. ಪದದ ಕೊನೆ ಬದಲಾಗುವುದಿಲ್ಲ. ಕ್ರಿಯಾಪದಕ್ಕೆ ಕಾಲವೂ ಇಲ್ಲ. ಹೋದ, ಹೋಗುತ್ತಾನೆ, ಹೋದಾನು ಎಲ್ಲಕ್ಕೂ ಒಂದೇ ಪದ, ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಆದರೆ ಒಂದೇ ಅಕ್ಷರವನ್ನು ದನಿ ಏರಿಸಿ ಹೇಳಿದರೆ ಒಂದರ್ಥ, ಇಳಿಸಿ ಹೇಳಿದರೆ ಬೇರೆ ಅರ್ಥ. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಪದದ ಕೊನೆಯ ಅಕ್ಷರವನ್ನು ಓದುವ ಹಾಗೇ ಇಲ್ಲ, ಅದು ದನಿ ಎಷ್ಟು ಏರಿಸಬೇಕು ಎಂಬುದರ ಗುರುತು.

"ಇವರಿಗೆ ಇದೇ ಸರಿ," ಎಂದಳು ಅರ್ಪಣಾ. "ಗ್ಯಾಸಿಗೆ ಹೇಳ್ತೀನಿ, ಗ್ಯಾಸಿಗೆ ಹೇಳಿದೆ, ಎರಡಕ್ಕೂ ಇವರಲ್ಲಿ ಹೇಗೂ ವ್ಯತ್ಯಾಸ ಇಲ್ಲ. ಎರಡರ ಅರ್ಥನೂ ಸಿಲಿಂಡರ್ ಬಂದಿಲ್ಲ ಅಂತ."

"ಆದ್ರೆ ಆ ಹೆಸರು ಹೇಳದೇ ಕಷ್ಟ," ಎಂದ ಈಶಾನ. ಏಳು ಭಾಷೆಯ ಗಂಡಸಿಗೆ ಎಂಟನೆಯದರ ಹೆಸರು ಬಾಯಿಗೆ ಬರಲಿಲ್ಲ. ಮೊದಲು ಮೂಗಿನಿಂದ ಉಸಿರು ಬಿಡಬೇಕು, ಆಮೇಲೆ ಮಕಾರ ಎಂದು ಪುಟದಲ್ಲಿತ್ತು. ಮೂವರು ಗಂಡಸರೂ ಮೂಗು ಊದಿಸಿಕೊಂಡು ಹ್ಮ, ಹ್ಮ ಎಂದು ಬಹಳ ಹೊತ್ತು ಪ್ರಯತ್ನಿಸಿದರು. ಪಕ್ಕದ ಮನೆಯ ಕಮಲಕ್ಕ ಕಿಟಕಿಯಿಂದ ತಲೆಹಾಕಿ, "ಎಲ್ರಿಗೂ ನೆಗಡಿನಾ? ಕಾಳುಮೆಣಸಿನ ಕಷಾಯ ಮಾಡಿ ಕೊಡ್ಲಾ ಅರ್ಪಣಮ್ಮ?" ಎಂದು ಕೇಳಿದರು.

ಮೂಲೆಯಲ್ಲಿ ಲೋಟ ಕುಕ್ಕಿದ ಶಬ್ದವಾಯಿತು. ಲೋಟ ಕಾಫಿಗಾಗಿ ಕುಕ್ಕಿದ್ದಲ್ಲ. ಸಭೆ ಚದುರಿತು.

ಸತೀಶರು ಪರಿಶೀಲನೆಗೆ ಬರುವ ದಿನ ತ್ರ್ಯಂಬಕ ಬೆಳಿಗ್ಗೆಯಿಂದ ತಾಯಿಯ ಹಿಂದೆ ಮುಂದೆ ಸುತ್ತಿದ.

"ಅಮ್ಮ, ತಪ್ಪಾಯ್ತು. ಎರಡೇ ಮಾತು ಸಾಕು. ಕೂತ್ಕಳಿ ಅಂದ್ರೂ ಸಾಕು. ಹಲ್ಲು ತಂದು ಕೊಡ್ಲಾ?"

ದೇವಕಮ್ಮ ಹೂಬತ್ತಿ ಹೊಸೆಯುತ್ತಲೇ ಇದ್ದರು. ತ್ರ್ಯಂಬಕ ಹಲ್ಲಿನ ಲೋಟವನ್ನು ತಂದು ಅವರ ಮುಂದಿಟ್ಟ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ಸತೀಶರ ಜೀಪು ಬಂದೇಬಿಟ್ಟಿತು.

ಸತೀಶರು ಶ್ರದ್ಧೆಯ ಮನುಷ್ಯ. ಬರುವ ಮುನ್ನ ಹ್ಮೋಂಗ್ ಭಾಷೆಯ ಬಗ್ಗೆ ತಾವೂ ಓದಿಕೊಂಡಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಫೋನಿನ ರೆಕಾರ್ಡಿಂಗ್ ಒತ್ತಿ ಮಣೆಯ ಮೇಲಿಟ್ಟು, ದೇವಕಮ್ಮನ ಎದುರು ಮಂಡಿಯೂರಿ ಕೂತರು. ಪರಭಾಷೆಯವರಿಗೆ ತಿಳಿಯುವಂತೆ ಒಂದೊಂದೇ ಪದವನ್ನು ಬಿಡಿಸಿ, ಗಟ್ಟಿಯಾಗಿ, ಕೈಯನ್ನು ಬಾಯಿಯ ಬಳಿ ತಂದು ತೋರಿಸುತ್ತಾ ಕೇಳಿದರು:

"ಅಮ್ಮಾ. ನೀವು. ಊಟ. ಮಾಡಿದ್ರ್ಯಾ?"

ದೇವಕಮ್ಮನ ಕೈಯಲ್ಲಿ ಹತ್ತಿ ನಿಂತಿತು. ತಮ್ಮ ಮನೆಯಲ್ಲಿ ತಮ್ಮ ಜಗಲಿಯಲ್ಲಿ ತಮಗೇ ಒಬ್ಬರು ಹೀಗೆ ಊಟ ಎಂದರೇನೆಂದು ಅಭಿನಯಿಸಿ ತೋರಿಸುತ್ತಿದ್ದಾರೆ. ಇಷ್ಟು ದಿನ ಒಳಗೆ ಕಟ್ಟಿಟ್ಟಿದ್ದದ್ದೆಲ್ಲ ಒಮ್ಮೆಗೇ ಹೊರಗೆ ಬಂತು. ಆದರೆ ಹಲ್ಲು ಪಕ್ಕದ ಲೋಟದಲ್ಲೇ ಇತ್ತು.

"ಎಂಥ ಥಮಾಹೆನೋ ಮಾಹಿ ಇಹು," ಎಂದು ಶುರುವಾಯಿತು. ಆಮೇಲೆ ಬಂದದ್ದನ್ನು ಬರೆಯಲು ನಮ್ಮ ವರ್ಣಮಾಲೆ ಸಾಲದು. ಅದರಲ್ಲಿ ಮಗನಿಗೆ ಹೆಸರಿಟ್ಟ ದಿನದಿಂದ ಹಿಡಿದು ಅವನು ಮೂರನೇ ಕ್ಲಾಸಿನಲ್ಲಿ ಕನ್ನಡದಲ್ಲೇ ಫೇಲಾದದ್ದು, ಅವನ ತಂದೆಯ ಸ್ವಭಾವ, ಈಶಾನನ ಏಳು ಭಾಷೆ, ಸರ್ಕಾರ, ಎಲ್ಲವೂ ಇತ್ತೆಂದು ಮನೆಯವರಿಗೆ ಮಾತ್ರ ತಿಳಿಯಿತು. ದನಿ ಜಂತಿಗೆ ಏರಿತು, ಗಂಟಲಿಗೆ ಇಳಿಯಿತು, ಮತ್ತೆ ಏರಿತು, ನಡುವೆ ಒಡೆಯಿತು.

"ಅಮ್ಮ, ಹಲ್ಲು, ಹಲ್ಲು," ಎಂದು ತ್ರ್ಯಂಬಕ ಲೋಟ ಹಿಡಿದು ಅಂಗಲಾಚಿದ. ಸತೀಶರು ಸುಮ್ಮನಿರುವಂತೆ ಅವನಿಗೆ ಕೈಸನ್ನೆ ಮಾಡಿದರು. ಅವರ ಕಣ್ಣು ಅರ್ಧ ಮುಚ್ಚಿತ್ತು, ತಲೆ ತೂಗುತ್ತಿತ್ತು.

"ದನಿ ಹೆಂಗ ಏರ್ತದ, ಹೆಂಗ ಇಳೀತದ ನೋಡ್ರಿ," ಎಂದು ಮುಗಿದ ಮೇಲೆ ಪಿಸುಗುಟ್ಟಿದರು. "ಓದಿದ್ದೆ, ಕೇಳಿರಲಿಲ್ಲ. ಇಂಥಾದ್ದು ಉಳೀಬೇಕ್ರಿ. ನೀವು ಇದನ್ನ ತೆಗೆಸಬೇಕಂತೀರಲ್ಲ, ಯಾಕ ನಾಚಿಕಿ ನಿಮಗ?"

"ಸಾರ್, ಅದು ಕನ್ನಡ. ಹಲ್ಲಿಲ್ಲದ ಕನ್ನಡ."

ಸತೀಶರು ಅವನ ಭುಜ ತಟ್ಟಿ, ದೇವಕಮ್ಮನಿಗೆ ಕೈಮುಗಿದು, ಜೀಪು ಹತ್ತಿದರು. ಸಂಜೆ ಮೆಸೇಜು ಬಂತು: "ತಾಯ್ನುಡಿ: ಹ್ಮೋಂಗ್. ಪರಿಶೀಲಿಸಿ ದೃಢಪಡಿಸಲಾಗಿದೆ."

ಒಂದು ಲಾಭವಾಯಿತು. ದೇವಕಮ್ಮ ಹಲ್ಲು ಹಾಕಿಕೊಂಡರು. ಅವರ ಸಿಟ್ಟು ಮಗನನ್ನು ಬಿಟ್ಟು ಇಲಾಖೆಯ ಕಡೆ ತಿರುಗಿತು. "ನಾನು ಆಡಿದ್ದು ಕನ್ನಡ ಅಲ್ಲ ಅಂತ ಹೇಳಕ್ಕೆ ಅವ ಯಾರು?" ಎಂಬ ಪ್ರಶ್ನೆಯನ್ನು ಅವರು ಹಾಲಿನವರಿಗೆ, ತರಕಾರಿಯವರಿಗೆ, ಅಂಗಡಿಗೆ ಕಣ್ಣು ಪರೀಕ್ಷೆಗೆ ಬಂದವರಿಗೆ ಕೇಳುತ್ತಾ ಹೋದರು.

ಸೋಮನಾಥ್ ಮೇಷ್ಟರು ಅಧ್ಯಕ್ಷರಾದರು. ಆದ ಮರುದಿನವೇ ಅಂಗಡಿಗೆ ಬಂದರು. ಮುಖದಲ್ಲಿ ಉಪಕಾರ ಮಾಡುವವರ ಕಳೆ ಇತ್ತು.

"ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಬೇರೆ ಭಾಷೆಯವರಾಗಿದ್ದೂ ಕನ್ನಡ ಕಲಿತ ಒಬ್ಬರಿಗೆ ಸನ್ಮಾನ ಮಾಡ್ತೇವಲ್ಲ. ಬೇಕರಿಯವ್ರಿಗೆ ಆಯ್ತು, ಸ್ಟೀಲ್ ಅಂಗಡಿಯವ್ರಿಗೆ ಆಯ್ತು, ಇನ್ಯಾರೂ ಉಳಿದಿರ್ಲಿಲ್ಲ. ಈ ಸಲ ನೀನು."

"ಮೇಷ್ಟ್ರೆ, ನಿಮಗೆ ನನ್ನ ಗೊತ್ತಿಲ್ವ?"

"ನನಗೆ ಗೊತ್ತಿದ್ದು ಎಂತ ಮಾಡದು. ದಾಖಲೆ ಇದೆ. ಸತೀಶ್ ಸಾಹೇಬ್ರೇ ಮುಖ್ಯ ಅತಿಥಿ, ಕಾರ್ಡು ಪ್ರಿಂಟಾಗಿದೆ. ನೀನು ಬರದಿದ್ರೆ ಹ್ಮೋಂಗಿನವರಿಗೆ ಜಂಬ ಅಂತ ಜನ ಆಡ್ಕಂತಾರೆ."

ತ್ರ್ಯಂಬಕ ಆಗುವುದಿಲ್ಲವೆಂದು ಮನೆಯಲ್ಲಿ ಕೂಗಾಡಿದ. ದೇವಕಮ್ಮ ಬೇರೆಯೇ ತೀರ್ಮಾನ ಮಾಡಿದ್ದರು.

"ಹೋಗನ. ನಾನೂ ಬತ್ತೆ. ಮೈಕು ಇರ್ತದಲ್ಲ? ಇಡೀ ಊರಿನ ಎದ್ರಿಗೆ ಹೇಳ್ತೆ. ಅವ ಅದನ್ನೂ ರೆಕಾರ್ಡ್ ಮಾಡ್ಕಳ್ಲಿ."

ತ್ರ್ಯಂಬಕನಿಗೂ ಅದು ಸರಿಯೆನಿಸಿತು. ಅಧ್ಯಕ್ಷನಾಗಿ ಹಾಕಿಕೊಳ್ಳಬೇಕೆಂದಿದ್ದ ಜುಬ್ಬ ಹಾಕಿಕೊಂಡು, ತಾಯಿಗೆ ಹಲ್ಲಿದೆಯೇ ಎಂದು ಮೂರು ಸಲ ವಿಚಾರಿಸಿಕೊಂಡು ಹೊರಟ.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಈಶಾನ ಹೊಸ ಕನ್ನಡಕದಲ್ಲಿ ಕೂತಿದ್ದ. ತ್ರ್ಯಂಬಕನಿಗೆ ಪೇಟ ತೊಡಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಸೋಮನಾಥ್ ಮೇಷ್ಟರು ಸನ್ಮಾನಪತ್ರ ಓದಿದರು. "ದೂರದ ಭಾಷೆಯ ಮಡಿಲಲ್ಲಿ ಬೆಳೆದರೂ ಕನ್ನಡದ ಕಂಪಿಗೆ ಮಾರುಹೋದ" ಎಂಬ ಸಾಲನ್ನು ಅವರು ಎರಡು ಸಲ ಓದಿದರು.

ತ್ರ್ಯಂಬಕ ಪೇಟ ತೆಗೆದು ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತ.

"ಬಂಧುಗಳೆ, ಇದೆಲ್ಲ ಒಂದು ತಪ್ಪು. ನಾನು ಇಲ್ಲೇ ಕೊಪ್ಪದಲ್ಲಿ ಹುಟ್ಟಿದವನು. ಹ್ಮೋಂಗ್ ಅನ್ನುವ ಭಾಷೆಯ ಒಂದು ಪದವೂ ನನಗೆ ಬರುವುದಿಲ್ಲ. ಸರ್ಬಿಯನ್ ಕೂಡ ಬರುವುದಿಲ್ಲ. ನಮ್ಮ ಭಾವ ಈಶಾನ ನೋಡುತ್ತಿದ್ದ ಅಂತ ಜಂಬಕ್ಕೆ ಹೇಳಿದ ಸುಳ್ಳು ಅದು. ನನಗೆ ಬರುವುದು ಕನ್ನಡ ಒಂದೇ. ಅದು ಸಾಲದು ಅಂತ ಅನಿಸಿದ್ದು ನನ್ನ ದಡ್ಡತನ."

ಅವನು ಇಷ್ಟು ಚೆನ್ನಾಗಿ ಹಿಂದೆಂದೂ ಮಾತಾಡಿರಲಿಲ್ಲ. ಚಪ್ಪಾಳೆ ಬಿತ್ತು. ಸಭೆಯಲ್ಲಿ ಅರ್ಧ ಜನರಿಗೆ ವಿಷಯ ಗೊತ್ತಿತ್ತು, ನಗು ಕಾಣದಿರಲೆಂದು ಅವರು ತಟ್ಟಿದರು. ಉಳಿದರ್ಧ ಜನ ನಂಬಿ ತಟ್ಟಿದರು. ಸತೀಶರು ಪಕ್ಕದವರ ಕಡೆ ಬಾಗಿ, "ಒತ್ತಕ್ಷರ ಒಂದೂ ತಪ್ಪಲಿಲ್ಲ ನೋಡ್ರಿ," ಎಂದದ್ದು ಮೈಕಿನಲ್ಲೇ ಕೇಳಿಸಿತು.

ತ್ರ್ಯಂಬಕ ಸೋತು ಕೂತ. ದೇವಕಮ್ಮ ಯಾರೂ ಕರೆಯದೆ ಮೆಟ್ಟಿಲು ಹತ್ತಿದರು. ಮೈಕನ್ನು ತಮ್ಮ ಎತ್ತರಕ್ಕೆ ಬಗ್ಗಿಸಲು ಮೈಕಿನವನಿಗೆ ಸನ್ನೆ ಮಾಡಿದರು.

"ನನ್ ಹೆಸ್ರು ದೇವಕಿ. ತವರು ಮೆಣಸೆ. ನಾನು ಹುಟ್ಟಿದಾಗಿಂದ ಆಡಿದ್ದು ಕನ್ನಡ, ಇವನಿಗೆ ಕಲಿಸಿದ್ದೂ ಕನ್ನಡ. ಇವ ಕಲ್ತಿದ್ದು ಕಮ್ಮಿ, ಅದು ಬೇರೆ ವಿಷ್ಯ. ಅವತ್ತು ಇವರು ಮನೆಗೆ ಬಂದಾಗ ನನ್ನ ಹಲ್ಲು ಲೋಟದಲ್ಲಿ ಇತ್ತು. ಹಲ್ಲಿಲ್ದೆ ಮಾತಾಡಿದ್ರೆ ಭಾಷೆ ಬದಲಾಗ್ತದಾ? ಹಂಗಾರೆ ಈ ಊರಲ್ಲಿ ಮುದುಕ್ರು ಮಕ್ಕಳು ಎಲ್ಲ ಪರದೇಶದವ್ರಾ? ನೀವು ಓದಿದವ್ರು, ಸ್ವಲ್ಪ ಕಿವಿಕೊಟ್ಟು ಕೇಳದು ಕಲೀರಿ. ಎಲ್ಲರೂ ಉಪ್ಪಿಟ್ಟು ತಿಂದ್ಕಂಡು ಹೋಗಿ. ನಮಸ್ಕಾರ."

ಈಗಿನ ಚಪ್ಪಾಳೆಗೆ ಶಾಮಿಯಾನ ಅಲ್ಲಾಡಿತು. ಸತೀಶರು ಎದ್ದು ನಿಂತುಬಿಟ್ಟಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಸಭಿಕರೇ, ಈ ತಾಯಿಯ ಮಾತು ನಾನು ಹೋದ ತಿಂಗಳ ರೆಕಾರ್ಡ್ ಮಾಡೀನಿ. ನನ್ನ ಫೋನಿನಾಗ ಐತಿ. ಆವಾಗ ಇವರಿಗೆ ಒಂದಕ್ಷರ ಕನ್ನಡ ಬರ್ತಿರಲಿಲ್ಲ. ಒಂದು ತಿಂಗಳದಾಗ, ಈ ವಯಸ್ಸಿನಾಗ, ಇಂಥಾ ಅಚ್ಚ ಮಲೆನಾಡ ಕನ್ನಡ ಕಲ್ತಾರಂದ್ರ ನಾವು ಏನಂತ ಹೇಳೂದು?"

ಇಷ್ಟು ಹೇಳಿ ಅವರು ಸಂಘದವರು ತಮಗೆ ಹೊದಿಸಿದ್ದ ಶಾಲನ್ನು ತೆಗೆದು ದೇವಕಮ್ಮನಿಗೆ ಹೊದಿಸಿ, ಕಾಲು ಮುಟ್ಟಿ ನಮಸ್ಕರಿಸಿದರು. ಸೋಮನಾಥ್ ಮೇಷ್ಟರು ಬೇರೆ ದಾರಿ ಕಾಣದೆ ಹಾರ ಹಾಕಿದರು. ಫೋಟೋ ತೆಗೆದರು. ತ್ರ್ಯಂಬಕನ ಹಣ್ಣಿನ ಬುಟ್ಟಿಯನ್ನು ಯಾರೋ ಅವನ ಕೈಯಿಂದ ತೆಗೆದು ದೇವಕಮ್ಮನ ಕೈಗೆ ಕೊಟ್ಟರು.

ಉಪ್ಪಿಟ್ಟು ಮುಗಿದ ಮೇಲೆ ತಾಯಿ ಮಗ ರಸ್ತೆಯ ಬದಿಗೆ ಬಂದು ಆಟೋ ಕಾಯುತ್ತಾ ನಿಂತರು. ತ್ರ್ಯಂಬಕನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಇದನ್ನ ಇಲ್ಲಿಗೇ ಬಿಡಲ್ಲ ಅಮ್ಮ. ನಾಳೆ ಚಿಕ್ಕಮಗಳೂರಿಗೆ ಹೋಗ್ತೀನಿ. ಇವರ ಮೇಲಿನವರ ಹತ್ರಾನೇ ಅರ್ಜಿ ಕೊಡ್ತೀನಿ."

ದೇವಕಮ್ಮ ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

"ಬೇಡ ಮಾಣಿ," ಎಂದರು. "ಇರ್ಲಿ ಬಿಡು."

"ಎಂತ ಇರ್ಲಿ? ನಿಮ್ಮ ಭಾಷೆ ಅಂತ ಇಷ್ಟು ದಿನ ಗಂಜಿ ಕುಡಿದದ್ದು ನೀವೇ ಅಲ್ದಾ?"

"ಹೌದು," ಎಂದರು ದೇವಕಮ್ಮ. ಶಾಲನ್ನು ಸರಿಯಾಗಿ ಹೊದ್ದುಕೊಂಡರು. "ಹುಟ್ಟಿದಾಗಿಂದ ಕನ್ನಡ ಆಡ್ತಾ ಇದೀನಿ. ನಿನ್ನಪ್ಪ, ನೀನು, ಈ ಊರು, ಎಷ್ಟು ಚೆನ್ನಾಗಿ ಮಾತಾಡ್ತೀಯೆ ಅಂತ ಒಬ್ರೂ ಒಂದು ದಿನ ಹೇಳಿರ್ಲಿಲ್ಲ."

ತ್ರ್ಯಂಬಕ ಅವರ ಕೈಯಿಂದ ಹಣ್ಣಿನ ಬುಟ್ಟಿ ತೆಗೆದುಕೊಂಡು ಆಟೋಕ್ಕೆ ಕೈ ಅಡ್ಡ ಹಾಕಿದ.